ಔಷಧಿ ಹೊಡೆಯೋ ದಿನ, ಮಳೆ ಮಾತು

ಈ ವಿಡಿಯೋದ ಮೊದಲನೇ ಶಾಟ್ ಬಳ್ಳಾರಿದು, ನಾನಿರೋ ಬಾಡಿಗೆ ರೂಮಿನ ತಾರಸಿ. ಬೆಳಿಗ್ಗೆ ಎಂಟೂವರೆ ಅಷ್ಟೇ, ಆಗಲೇ ಕಣ್ಣು ಬಿಡಕ್ಕಾಗಲ್ಲ. ಎಷ್ಟು ನೀಲಿ ಆಕಾಶ, ಎಷ್ಟು ಚಂದ ಅಂತಾರೆ. ನಂಗೆ ಮೋಡ ಇಲ್ಲದ ಆಕಾಶ ನೋಡಿದ್ರೆ ಖಾಲಿ ಕೊಡ ನೋಡಿದಂಗಾಗುತ್ತೆ. ಮೂರು ವರ್ಷ ಆಯ್ತು, ಒಗ್ಗಲೇ ಇಲ್ಲ. ಜನ ತುಂಬಾ ಒಳ್ಳೆಯವರು, ಆ ಬಿಸಿಲು ಮಾತ್ರ ಬೇಡ.

ಹಾಂ, ಬಂತು. ಇದು ತೀರ್ಥಹಳ್ಳಿ ಕಡೆ, ನಮ್ಮನೆ ಅಂಗಳ. ಅಪ್ಪಯ್ಯ ಸುಣ್ಣ ಸೋಸ್ತಿದಾರೆ. ಅಡಿಕೆಗೆ ಕೊಳೆ ರೋಗ ಬರದೇ ಇರ್ಲಿ ಅಂತ ಮಳೆಗಾಲಕ್ಕೆ ಮುಂಚೆ ಬೋರ್ಡೋ ದ್ರಾವಣ ಅನ್ನೋ ಔಷಧಿ ಹೊಡೀಬೇಕು. ನೂರು ಲೀಟರಿಗೆ 1 ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), 1 ಕೆಜಿ ಸುಣ್ಣ, ಉಳಿದಿದ್ದು ಕಾಣ್ತಾ ಇದೆ. ಕತ್ತಿ ಅದ್ದಿ ನೋಡ್ತಿರೋದು ಯಾಕಂದ್ರೆ, ಕೆಂಪು ಅಂಟಿದ್ರೆ ಸುಣ್ಣ ಸಾಲಲಿಲ್ಲ ಅಂತ.

ಈ ಡ್ರಮ್ ನೋಡಿದ್ರೆ 2025ರ ಮೇ ನೆನಪಾಗುತ್ತೆ. ಏಪ್ರಿಲ್‌ನಲ್ಲೇ ಹವಾಮಾನ ಇಲಾಖೆಯಿಂದ, ದೇಶಕ್ಕೆ ವಾಡಿಕೆಯ ಶೇಕಡಾ 105 ಮಳೆ ಅಂತ ಮುನ್ಸೂಚನೆ ಬಂದಿತ್ತು. ಒಳ್ಳೇ ಮಳೆ ಅಂತ ಖುಷಿಪಟ್ವಿ. ಯಾವತ್ತು ಬರುತ್ತೆ? ಅದು ಆ ನಂಬರಿನಲ್ಲಿ ಇರಲ್ಲ. ಮೇ 24ಕ್ಕೇ ಮುಂಗಾರು ಕೇರಳ ಮುಟ್ಟಿತು, 2009ರ ನಂತರ ಅಷ್ಟು ಬೇಗ ಬಂದೇ ಇರಲಿಲ್ಲ. ಅಡಿಕೆ ಮರ ಹತ್ತೋ ಕೊನೆಗಾರ ಸಿಗೋದೇ ಕಷ್ಟ, ಸಿಕ್ಕಿದ ದಿನ ಬೆಳಿಗ್ಗೆ ಸ್ವಲ್ಪ ಹೊಳವಾಯ್ತು ಅಂತ ಮರ ಹತ್ತಿಸಿದ್ವಿ. ಮಧ್ಯಾಹ್ನ ಜಿರಾಪತಿ ಮಳೆ ಹೊಡೀತು. ಇನ್ನೂರು ಲೀಟರಿನ ಮೂರು ಡ್ರಮ್, ಆರು ಕೆಜಿ ಮೈಲುತುತ್ತ, ಅಂಟಿಕೊಳ್ಳಲಿ ಅಂತ ರಾಳ ಹಾಕಿದ್ರೂ ನಿಲ್ಲಲಿಲ್ಲ. ಬುಡದಲ್ಲಿ ನೀಲಿ ನೀರು ಹರೀತಿತ್ತು. ಅಪ್ಪಯ್ಯ ಜಗಲಿ ಮೇಲೆ ಕೂತು ಅದನ್ನೇ ನೋಡ್ತಿದ್ರು, ಒಂದು ಮಾತಾಡಲಿಲ್ಲ. ಕೊನೆಗೆ ಆ ವರ್ಷ ದೇಶದ ಮಳೆ ಶೇಕಡಾ 108 ಆಯ್ತು. ಮುನ್ಸೂಚನೆ ಹೆಚ್ಚುಕಮ್ಮಿ ಸರಿ! ನಮ್ಮ ಔಷಧಿ ಹೋಯ್ತು.

2023 ಇನ್ನೂ ಬೇಜಾರು. 96 ಅಂದಿದ್ರು, 94 ಬಿತ್ತು, ಲೆಕ್ಕ ಸರಿಯೇ. ಆದ್ರೆ ಆ ಆಗಸ್ಟ್ 1901ರಿಂದೀಚೆಗೆ ದೇಶದ ಅತಿ ಒಣ ಆಗಸ್ಟ್, ನಮ್ಮ ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ. ಇಡೀ ದೇಶ, ನಾಲ್ಕು ತಿಂಗಳು ಸೇರಿಸಿ ಒಂದು ನಂಬರ್ ಕೊಟ್ರೆ, ಒಬ್ಬ ರೈತ ಅದನ್ನಿಟ್ಕೊಂಡು ಏನು ಮಾಡ್ಬೇಕು? ನಾನು ನಂಬಲ್ಲ. ಇನ್ನು ನಾಲ್ಕೈದು ದಿನದ್ದು ಹೇಳಿದ್ರೆ ನಂಬ್ತೀನಿ, ಇವತ್ತಿನ ದಿನ ಗೊತ್ತು ಮಾಡಿದ್ದೂ ಅದನ್ನು ನೋಡಿಯೇ.

ಬಿಸಿಲು ಬೇಡ ಅಂದೆ ಅಲ್ವಾ, ಔಷಧಿ ಒಣಗಕ್ಕೆ ಬೇಕು, ಸುಗ್ಗಿಯಲ್ಲಿ ಅಡಿಕೆಗೂ ಬೇಕು. ಅಷ್ಟು ಸಾಕು. ಆಮೇಲೆ ಜಗಲಿ ಮೇಲೆ ಕೂತು ಹಂಚಿನ ಸದ್ದು ಕೇಳಿಸ್ಕೊಂಡು ಹಲಸಿನ ಹಪ್ಪಳ ತಿನ್ನೋದು ಬಳ್ಳಾರಿಯಲ್ಲಿ ಎಲ್ಲಿ ಸಿಗುತ್ತೆ...

ಅಯ್ಯೋ, ಶಾಟ್ ಮುಗೀತಾ ಬಂತು. ಕೊನೆಗಾರ ಇಳೀತಿದಾನೆ, ಆಗುಂಬೆ ದಿಕ್ಕು ಕಪ್ಪಾಗಿದೆ ನೋಡಿ. ಇಲ್ಲಿಂದ ಕ್ಯಾಮೆರಾ ಆಫ್, ನಾನು ಡ್ರಮ್ ಮುಚ್ಚಕ್ಕೆ ಓಡಿದೆ.