ಡಗ್ಗಾ ಬರ್‍ರೆಂದರೆ ಮೊದಲು ಫೋಮ್ ನೋಡಿ

ಕೇಳುಗರಿಗೆ ನಮಸ್ಕಾರ. ಮುಂಬಯಿಯ ಮಾಟುಂಗಾದಿಂದ ಡೊಂಬಿವಲಿಯವರೆಗೆ ನಮ್ಮವರ ಎಷ್ಟೋ ಮನೆಗಳಲ್ಲಿ ಹದಿನೈದು, ಇಪ್ಪತ್ತು ವರ್ಷ ಹಳೆಯ ಒಳ್ಳೆಯ ಸ್ಪೀಕರ್ ಜೋಡಿಗಳಿವೆ. ಮಲ್ಲಿಕಾರ್ಜುನ ಮನ್ಸೂರರ ರೆಕಾರ್ಡ್ ಹಾಕಿದಾಗ ತಬಲಾ ಜೋಡಿಯ ಡಗ್ಗಾ ಗುಂ ಎನ್ನುವ ಬದಲು ಬರ್‍ರ್ ಎಂದರೆ, ಹೊಸ ಆಂಪ್ಲಿಫೈಯರ್ ಕೊಳ್ಳುವ ಯೋಚನೆ ಶುರು. ತುಸು ತಡೆಯಿರಿ. 50 ವಾಟ್‌ನಿಂದ 100ಕ್ಕೆ ಹೋದರೆ ದಕ್ಕುವುದು 3 ಡೆಸಿಬೆಲ್, ಅಂದರೆ ಸ್ವಲ್ಪ ಜೋರು, ಅಷ್ಟೇ. ಬರ್‍ರ್ ಅಲ್ಲೇ ಇರುತ್ತದೆ.

ಸ್ಪೀಕರಿನ ಮುಂದಿನ ಬಟ್ಟೆ ತೆಗೆದು ವೂಫರಿನ, ಅಂದರೆ ಮಂದ್ರ ನುಡಿಸುವ ದೊಡ್ಡ ಘಟಕದ, ಅಂಚಿನ ಉಂಗುರವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ. ಫೋಮ್ ಆಗಿದ್ದು, ಹಳೇ ಬೆಲ್ಲದ ಹಾಗೆ ಅಂಟಿದರೆ ಅಥವಾ ಪುಡಿ ಉದುರಿದರೆ ರೋಗ ಸಿಕ್ಕಿತು. ಪಾಲಿಯುರೆಥೇನ್ ಫೋಮನ್ನು ಗಾಳಿಯ ತೇವ ಒಳಗಿಂದಲೇ ಒಡೆಯುತ್ತದೆ. ಮುಂಬಯಿಯ ಮಳೆಗಾಲಕ್ಕೆ ಅದು ಸುಲಭದ ತುತ್ತು. ರಬ್ಬರಿನ ಅಂಚಿಗೆ ಈ ಕಾಟ ಕಡಿಮೆ.

ಹೊಸ ಉಂಗುರ ತರಿಸುವಾಗ 'ಎಂಟು ಇಂಚು' ಎಂದಷ್ಟೇ ಹೇಳಿದರೆ ಕೆಟ್ಟಿರಿ. ವೂಫರಿನ ಚೌಕಟ್ಟಿನ ಒಳವ್ಯಾಸ, ಕೋನಿನ (ನಡುವೆ ಅಲುಗುವ ಆಲಿಕೆಯ) ವ್ಯಾಸ, ಉಂಗುರದ ಉಬ್ಬಿನ ಅಗಲ, ಮೂರನ್ನೂ ಮಿಲಿಮೀಟರಿನಲ್ಲಿ ಅಳೆಯಿರಿ. ಫೋಮಿನ ಜಾಗಕ್ಕೆ ಗಟ್ಟಿ ರಬ್ಬರ್ ಹಾಕಬೇಡಿ, ಮಂದ್ರ ಸಪ್ಪೆಯಾಗುತ್ತದೆ.

ವೂಫರ್ ಬಿಚ್ಚುವ ಮುನ್ನ ಯಾವ ವೈರ್ ಯಾವ ತುದಿಗೆ ಎಂದು ಗುರುತು ಹಾಕಿಕೊಳ್ಳಿ. ಹಳೇ ಅಂಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ನೆನೆಸಿ ಕೆರೆಯಿರಿ; ಅವಸರಪಟ್ಟರೆ ಕಾಗದದ ಕೋನೇ ಹರಿಯುತ್ತದೆ. ನಡುವಿನ ಗುಮ್ಮಟವನ್ನು ಬ್ಲೇಡಿನಿಂದ ಬಿಡಿಸಿ, ವಾಯ್ಸ್ ಕಾಯಿಲ್ (ಕೋನನ್ನು ಅಲುಗಿಸುವ ತಂತಿಯ ಸುರುಳಿ) ಮತ್ತು ಅದರೊಳಗಿನ ಅಯಸ್ಕಾಂತದ ಕಂಬದ ನಡುವೆ ತೆಳು ಪ್ಲಾಸ್ಟಿಕ್ ಪಟ್ಟಿಗಳನ್ನು ನಾಲ್ಕೂ ಕಡೆ ಸಮನಾಗಿ ತುರುಕಿ. ಕಾಯಿಲ್ ನಟ್ಟನಡುವೆ ನಿಲ್ಲಲಿ ಎಂದೇ ಈ ಉಪಾಯ. ಉಂಗುರವನ್ನು ಮೊದಲು ಕೋನಿಗೆ ಅಂಟಿಸಿ, ಅದು ಹಿಡಿದ ಮೇಲೆ ಚೌಕಟ್ಟಿಗೆ. ಒಣಗಿದರೂ ಮೆತ್ತಗೇ ಉಳಿಯುವ ಬಿಳಿ ಅಂಟು ಬೇಕು. ಕ್ಷಣದಲ್ಲಿ ಕಚ್ಚುವ ಅಂಟು ಗಾಜಿನಂತೆ ಬಿರುಸಾಗುತ್ತದೆ, ಸರಿಪಡಿಸಲು ಸಮಯವನ್ನೂ ಕೊಡುವುದಿಲ್ಲ. ಜುಲೈಯ ಮಳೆಯಲ್ಲಿ ಕೂತಿದ್ದರೆ ಒಣಗಲು ಒಂದು ದಿನದ ಬದಲು ಎರಡು ದಿನ ಬಿಡಿ.

ಪಟ್ಟಿ ತೆಗೆದು ಎರಡು ಹೆಬ್ಬೆರಳಿನಿಂದ ಕೋನನ್ನು ಸಮನಾಗಿ ಒತ್ತಿ, ಕಿವಿಗೊಡಿ. ಉಜ್ಜುವ ಸದ್ದು ಬಂದರೆ ಕಾಯಿಲ್ ಓರೆಯಾಗಿದೆ, ಮತ್ತೆ ಬಿಚ್ಚಲೇಬೇಕು. ಸದ್ದಿಲ್ಲದಿದ್ದರೆ ಗುಮ್ಮಟ ಅಂಟಿಸಿ. ಒಂದೇ ಸ್ಪೀಕರ್ ಹಾಳಾಗಿದ್ದರೂ ಎರಡಕ್ಕೂ ಮಾಡಿ.

ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಹೋಗುವ ವೈರಿನ ಬಗ್ಗೆ ಸಾವಿರಗಟ್ಟಲೆ ರೂಪಾಯಿಯ ಮಾತು ಕೇಳಿರುತ್ತೀರಿ. ಐದು ಮೀಟರ್ ದೂರಕ್ಕೆ 2.5 ಚದರ ಮಿಲಿಮೀಟರಿನ ಮಾಮೂಲಿ ತಾಮ್ರದ ವೈರಿನಲ್ಲಿ ಹೋಗಿಬರುವ ರೋಧ 0.07 ಓಮ್. ಎಂಟು ಓಮ್ ಸ್ಪೀಕರಿನ ಮುಂದೆ ಅದು ಲೆಕ್ಕಕ್ಕಿಲ್ಲ.

ಇಷ್ಟಾದ ಮೇಲೂ ಒಂದೇ ಸ್ವರ ಗುಂಯ್ ಎಂದು ಉಬ್ಬಿದರೆ ಅದು ಕೋಣೆಯ ಕೆಲಸ. ಹನ್ನೆರಡು ಅಡಿ ಉದ್ದದ ಕೋಣೆ 47 ಹರ್ಟ್ಜ್ ಸುತ್ತ ತಾನೇ ದನಿಗೂಡಿಸುತ್ತದೆ. ಸೋಫಾವನ್ನು ಹಿಂದಿನ ಗೋಡೆಯಿಂದ ಎರಡು, ಮೂರು ಅಡಿ ಮುಂದೆ ಎಳೆದು ಅದೇ ರೆಕಾರ್ಡ್ ಮತ್ತೊಮ್ಮೆ ಹಾಕಿ ಕೇಳಿ.