ವಿಷಲ್ ಕೇಳಿದರೆ ರೆಫರಿಯ ಕೈ ನೋಡಿ

ಕೇಳುಗರಿಗೆಲ್ಲ ನಮಸ್ಕಾರ.

ಫುಟ್ಬಾಲ್ ನೋಡುವವರ ಜೊತೆ ಹತ್ತು ನಿಮಿಷ ಮಾತಾಡಿ ಎಂದಿದ್ದಾರೆ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಹಿಡಿದು ಚಂದ್ರಗಿರಿ ಹೊಳೆಯ ಆಚೆ ತೃಕ್ಕರಿಪುರದವರೆಗೆ, ಕೊಯ್ಲು ಮುಗಿದ ಒಂದು ಗದ್ದೆ ಸಿಕ್ಕಿದರೆ ಸಾಕು, ಎರಡು ಗೋಲುಕಂಬ ನೆಟ್ಟುಬಿಡುವ ಜನ ನಾವು. ಭಾರತ ತಂಡಕ್ಕೆ ಆಡಿದ ಮುಹಮ್ಮದ್ ರಾಫಿ ತೃಕ್ಕರಿಪುರದವರು. ಹಾಗಾಗಿ ನಿಮಗೆ ಆಟ ಗೊತ್ತಿಲ್ಲ ಎನ್ನುವ ಧೈರ್ಯ ನನಗಿಲ್ಲ. ಆದರೆ ನಿಯಮ ಗೊತ್ತಿಲ್ಲ. ಕ್ಷಮಿಸಿ, ಇದನ್ನು ಹೇಳಲೇಬೇಕು.

ನಮ್ಮಲ್ಲಿ ಒಂದೇ ಮನೆಯಲ್ಲಿ ಅಣ್ಣನ ಮೈಮೇಲೆ ಬೆಂಗಳೂರು ಎಫ್‌ಸಿಯ ನೀಲಿ ಜೆರ್ಸಿ, ತಮ್ಮನ ಮೈಮೇಲೆ ಕೇರಳ ಬ್ಲಾಸ್ಟರ್ಸ್‌ನ ಹಳದಿ ಜೆರ್ಸಿ ಉಂಟು. ಮಾತು ಕನ್ನಡ, ರೇಷನ್ ಕಾರ್ಡು ಕೇರಳದ್ದು; ಹೀಗಾಗುವುದು ಸಹಜ. ಇವರಿಬ್ಬರೂ ಒಂದೇ ಒಂದು ವಿಷಯದಲ್ಲಿ ಒಟ್ಟಾಗುತ್ತಾರೆ: ರೆಫರಿ ಕಳ್ಳ. ಯಾವ ಪಂದ್ಯ ಆಗಲಿ, ಯಾವ ತೀರ್ಮಾನ ಆಗಲಿ, ರೆಫರಿ ಕಳ್ಳ.

ಇವತ್ತು ನಾನು ಒಂದೇ ಸಂಗತಿ ಹೇಳುತ್ತೇನೆ. ವಿಷಲ್ ಆದ ಕೂಡಲೇ ಬಿದ್ದವನನ್ನು ನೋಡಬೇಡಿ, ಬೀಳಿಸಿದವನನ್ನೂ ನೋಡಬೇಡಿ. ರೆಫರಿಯ ಕೈ ನೋಡಿ. ಯಕ್ಷಗಾನದಲ್ಲಿ ಚೆಂಡೆಯವರ ಒಂದು ಕಣ್ಣು ಯಾವಾಗಲೂ ಭಾಗವತರ ಕೈಯ ಮೇಲೆ ಇರುತ್ತದಲ್ಲ, ಹಾಗೆ. ತಾನು ಏನು ಕೊಟ್ಟೆ, ಆಟ ಮುಂದೆ ಹೇಗೆ ಶುರುವಾಗಬೇಕು ಎಂಬುದನ್ನು ರೆಫರಿ ಬಾಯಲ್ಲಿ ಹೇಳುವುದಿಲ್ಲ, ಕೈಯಲ್ಲಿ ಹೇಳುತ್ತಾನೆ. ನೀವು ಆ ಹೊತ್ತಿಗೆ ಟಿವಿಯ ರಿಪ್ಲೇ ನೋಡುತ್ತಾ ಇರುತ್ತೀರಿ.

ಕೈ ಏನೇನು ಹೇಳುತ್ತದೆ? ತೋಳು ಚಾಚಿ ದಿಕ್ಕು ತೋರಿಸಿದರೆ ಡೈರೆಕ್ಟ್ ಫ್ರೀ ಕಿಕ್, ಅಂದರೆ ಎದುರಾಳಿಯ ತಪ್ಪಿಗೆ ಸಿಗುವ ಒದೆತ. ಅಲ್ಲಿಂದ ನೇರವಾಗಿ ಗೋಲಿಗೆ ಹೊಡೆಯಬಹುದು. ತೋಳನ್ನು ತಲೆಯ ಮೇಲೆ ನೇರ ಎತ್ತಿ ಹಾಗೇ ನಿಲ್ಲಿಸಿದರೆ ಇನ್‌ಡೈರೆಕ್ಟ್. ಚೆಂಡು ಇನ್ನೊಬ್ಬ ಆಟಗಾರನಿಗೆ ತಾಗಿದ ಮೇಲೆಯೇ ಗೋಲು. ಯಾರಿಗೂ ತಾಗದೆ ಎದುರಾಳಿಯ ಬಲೆಗೆ ಬಿದ್ದರೆ ಗೋಲಿಲ್ಲ, ಗೋಲ್ ಕಿಕ್. ತನ್ನ ತಂಡದವನು ಬೇಕೆಂದೇ ಕಾಲಿನಿಂದ ಒದ್ದು ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿದರೆ ಸಿಗುವುದು ಇದೇ ಇನ್‌ಡೈರೆಕ್ಟ್. 1992ರಿಂದ ಇರುವ ನಿಯಮ ಇದು. "ಪೆನಾಲ್ಟಿ ಬಾಕ್ಸಿನ ಒಳಗೆ ತಪ್ಪಾಯಿತು, ಪೆನಾಲ್ಟಿ ಯಾಕೆ ಕೊಡಲಿಲ್ಲ" ಎಂದು ಇವತ್ತಿಗೂ ಕೂಗುವವರು ಇದ್ದಾರೆ. ಎತ್ತಿದ ಕೈ ನೋಡಿದ್ದರೆ ಗಂಟಲು ಉಳಿಯುತ್ತಿತ್ತು.

ಫೌಲ್ ಆದದ್ದು ಎಲ್ಲರಿಗೂ ಕಂಡಿತು, ವಿಷಲ್ ಮಾತ್ರ ಬರಲಿಲ್ಲ. ಆಗಲೂ ಕೈ ನೋಡಿ. ತೋಳನ್ನು ಮುಂದಕ್ಕೆ ಬೀಸಿದರೆ ಅದು ಅಡ್ವಾಂಟೇಜ್. ನಿಮ್ಮ ತಂಡದ ಕೈಯಲ್ಲೇ ಆಟ ಉಂಟು, ನಿಲ್ಲಿಸಿದರೆ ನಿಮಗೇ ನಷ್ಟ ಎಂದು ಅರ್ಥ. ಕೆಲವೇ ಸೆಕೆಂಡಿನಲ್ಲಿ ಲಾಭ ಕಾಣದಿದ್ದರೆ ರೆಫರಿ ಹಿಂದಕ್ಕೆ ಬಂದು ಫ್ರೀ ಕಿಕ್ ಕೊಡಬಹುದು. ಹಳದಿ ಕಾರ್ಡ್ ಕೊಡುವುದಿದ್ದರೆ ಆಟ ನಿಂತ ಮೇಲೆ ಕೊಡುತ್ತಾನೆ, ಮರೆಯುವುದಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯ ಸನ್ನೆ. ಫ್ರೀ ಕಿಕ್ ಕೊಟ್ಟ ರೆಫರಿ ವಿಷಲನ್ನು ಎತ್ತಿ, ಇನ್ನೊಂದು ಕೈಯ ಬೆರಳಿನಿಂದ ಅದನ್ನು ತೋರಿಸಿದನೋ ಇಲ್ಲವೋ? ತೋರಿಸಿದರೆ, ನಾನು ಊದುವ ತನಕ ಒದೆಯಬೇಡ ಎಂದು. ತೋರಿಸದಿದ್ದರೆ, ಚೆಂಡು ಅಲುಗದೆ ನಿಂತಿದ್ದರೆ ಸಾಕು, ಒದೆಯಬಹುದು. ವಿಷಲ್ ಬೇಕಿಲ್ಲ. ಎದುರಾಳಿಗಳು ಚೆಂಡಿಗೆ ಅಡ್ಡ ಸಾಲಾಗಿ ನಿಂತು ಗೋಡೆ ಕಟ್ಟುವ ತನಕ ಕಾಯಬೇಕಿಲ್ಲ. ಎದುರಾಳಿಗಳು 9.15 ಮೀಟರ್, ಅಂದರೆ ಹತ್ತು ಗಜ ದೂರ ಹೋಗಿ ನಿಲ್ಲಬೇಕೆಂಬುದು ಒದೆಯುವವನ ಅನುಕೂಲಕ್ಕೆ ಇರುವ ನಿಯಮ. ಅವನಿಗೆ ಅದು ಬೇಡವಾದರೆ ಬೇಡ.

ಇದನ್ನು ನಾನು ಹೀಗೆ ಹೇಳಿದರೆ ಯಾರೂ ನಂಬುವುದಿಲ್ಲ. ಆದ್ದರಿಂದ 2023ರ ಮಾರ್ಚ್ 3ಕ್ಕೆ ಹೋಗೋಣ. ಬೆಂಗಳೂರಿನ ಕಂಠೀರವ ಕ್ರೀಡಾಂಗಣ. ಇಂಡಿಯನ್ ಸೂಪರ್ ಲೀಗಿನ ನಾಕೌಟ್ ಪಂದ್ಯ, ಬೆಂಗಳೂರು ಎಫ್‌ಸಿಗೂ ಕೇರಳ ಬ್ಲಾಸ್ಟರ್ಸ್‌ಗೂ. ಗೆದ್ದವರು ಸೆಮಿಫೈನಲಿಗೆ, ಸೋತವರು ಮನೆಗೆ. ನಮ್ಮ ಕಡೆಯ ಮನೆಗಳಲ್ಲಿ ಅಣ್ಣ ತಮ್ಮ ಬೇರೆ ಬೇರೆ ಕೋಣೆಯಲ್ಲಿ ಕೂರಬೇಕಾದಂಥ ಪಂದ್ಯ. 90 ನಿಮಿಷ ಮುಗಿದರೂ ಗೋಲಿಲ್ಲ. ಹೆಚ್ಚುವರಿ ಸಮಯ ಶುರುವಾಯಿತು. 96ನೇ ನಿಮಿಷದಲ್ಲಿ ಪೆನಾಲ್ಟಿ ಬಾಕ್ಸಿನ ಸ್ವಲ್ಪ ಹೊರಗೆ ಬೆಂಗಳೂರಿಗೆ ಒಂದು ಫ್ರೀ ಕಿಕ್ ಸಿಕ್ಕಿತು.

ಚೆಂಡಿನ ಹತ್ತಿರ ಬೆಂಗಳೂರಿನ ಸುನಿಲ್ ಛೇತ್ರಿ. ಬ್ಲಾಸ್ಟರ್ಸ್‌ನ ಆಡ್ರಿಯನ್ ಲೂನಾ ಕೂಡ ಅಲ್ಲೇ. ಗೋಲ್‌ಕೀಪರ್ ಪ್ರಭಸುಖನ್ ಗಿಲ್ ಇನ್ನೂ ಗೋಡೆ ಸರಿಮಾಡುವುದರಲ್ಲಿದ್ದರು. ಛೇತ್ರಿ ಕಾಯಲಿಲ್ಲ. ಚೆಂಡನ್ನು ಮೆಲ್ಲಗೆ ಎತ್ತಿ ಖಾಲಿ ಗೋಲಿಗೆ ಹಾಕಿಬಿಟ್ಟರು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಎಂದರು. ನನಗೆ ವಿಷಲೂ ಬೇಡ, ಗೋಡೆಯೂ ಬೇಡ ಎಂದು ರೆಫರಿಗೆ ಮೊದಲೇ ಹೇಳಿದ್ದೆ ಎಂಬುದು ಪಂದ್ಯದ ಬಳಿಕ ಛೇತ್ರಿ ಕೊಟ್ಟ ವಿವರಣೆ.

ಹಳದಿ ಜೆರ್ಸಿಯವರ ವಾದ ನಿಮಗೆ ಗೊತ್ತೇ ಇದೆ. ಗೋಡೆ ಕಟ್ಟುತ್ತಾ ಇದ್ದರು, ರೆಫರಿ ಅವರನ್ನು ಸರಿಸುತ್ತಾ ಇದ್ದರು, ಮತ್ತೆ ಅದು ಅವಸರದ ಫ್ರೀ ಕಿಕ್ ಹೇಗಾಗುತ್ತದೆ ಎಂದು. ಪ್ರಶ್ನೆ ಕೆಟ್ಟದ್ದಲ್ಲ. ರೆಫರಿ ತಾನೇ ಮುಂದೆ ನಿಂತು ಗೋಡೆಯನ್ನು ಹತ್ತು ಗಜಕ್ಕೆ ಸರಿಸಲು ಹೊರಟರೆ, ಕಾರ್ಡ್ ಬರೆಯಲು ಹೊರಟರೆ, ಗಾಯ ಆಗಿದ್ದರೆ, ಬದಲಿ ಆಟಗಾರ ಬರುವುದಿದ್ದರೆ ವಿಷಲಿಗೆ ಕಾಯಲೇಬೇಕು. ಹಾಗಿದ್ದಾಗ ರೆಫರಿ ಕೈಯೆತ್ತಿ ವಿಷಲ್ ತೋರಿಸಿ ಒದೆಯುವವನನ್ನು ತಡೆಯುತ್ತಾನೆ. ತಡೆಯದಿದ್ದರೆ ಬಾಗಿಲು ತೆರೆದೇ ಇದೆ. ಕೈ ವಿಷಲ್ ತೋರಿಸಿತೋ ಇಲ್ಲವೋ, ಪಂಚಾಯಿತಿ ನಡೆಯಬೇಕಾದ್ದು ಅಷ್ಟರ ಮೇಲೆ. ಛೇತ್ರಿ ಮೋಸಗಾರನೇ, ಕೇರಳದವರು ಅಳುಬುರುಕರೇ ಎಂದು ತಿಂಗಳುಗಟ್ಟಲೆ ಬಾಯಿ ನೋಯಿಸಿಕೊಂಡದ್ದು ದಂಡ.

ರಕ್ಷಣೆಯವರು ಆಗ ಮಾಡಬೇಕಾದದ್ದು ಏನು? ಇದನ್ನು ನಮ್ಮ ಕ್ಲಬ್ಬಿನ ಹುಡುಗರು ದಯವಿಟ್ಟು ಗಮನಿಸಿ. ಗೋಲ್‌ಕೀಪರ್ ಗೋಡೆ ಕಟ್ಟಲು ಕಂಬದ ಬದಿಗೆ ಹೋಗುವ ಮೊದಲು ರೆಫರಿಯ ಕೈ ನೋಡಬೇಕು. ವಿಷಲ್ ತೋರಿಸಿಲ್ಲವೆಂದರೆ ಗೋಲಿನ ನಡುವೆಯೇ ನಿಂತು, ಚೆಂಡಿನ ಮೇಲೆ ಕಣ್ಣಿಟ್ಟು, ಬಾಯಲ್ಲೇ ಗೋಡೆ ಸರಿಮಾಡಿಸಬೇಕು. ಗೋಡೆ ಅಳೆಯುವ ಕೆಲಸ ಮುಂದೆ ನಿಂತ ಒಬ್ಬನಿಗೆ ಬಿಡಬೇಕು. ಒಬ್ಬ ಚೆಂಡಿನ ಎದುರು ಹೋಗಿ ನಿಂತರೆ ಆಯಿತಲ್ಲ ಎನ್ನುತ್ತೀರಿ. ಒದೆಯುವವನನ್ನು ಬೇಕೆಂದೇ ತಡೆದರೆ ಹಳದಿ ಕಾರ್ಡ್. ಆದರೆ ಅವನು ಅವಸರದಿಂದ ಒದ್ದ ಚೆಂಡು ಹತ್ತಿರ ಇದ್ದವನಿಗೆ ಸಿಕ್ಕಿಬಿಟ್ಟರೆ ಆಟ ಮುಂದುವರಿಯುತ್ತದೆ. ಕಾಯದೆ ಒದ್ದವನಿಗೆ ಆ ಅಪಾಯವೂ ಉಂಟು.

ನನ್ನ ಬೇಸರ ಇರುವುದು ಗೋಲಿನ ಬಗ್ಗೆ ಅಲ್ಲ. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮಾನೊವಿಚ್ ಆಟಗಾರರನ್ನು ಮೈದಾನದಿಂದ ಹೊರಗೆ ಕರೆದುಬಿಟ್ಟರು. ಲೆಕ್ಕ ಹಾಕಿ. ಆಗ 96ನೇ ನಿಮಿಷ, ಆಟ ಇರುವುದು 120ರವರೆಗೆ. 24 ನಿಮಿಷ ಬಾಕಿ, ಸೋಲು ಒಂದೇ ಗೋಲಿನದು. 24 ನಿಮಿಷದಲ್ಲಿ ಒಂದು ಗೋಲು ಹೊಡೆಯಲು ಆಗದ ತಂಡವೇ ಅದು? ತಂಡ ಮರಳಿ ಬರಲಿಲ್ಲ, ಬೆಂಗಳೂರು ಗೆದ್ದಿತೆಂದು ಘೋಷಣೆಯಾಯಿತು. ಪಂದ್ಯ ಮತ್ತೆ ಆಡಿಸಿ ಎಂಬ ದೂರು ತಿರಸ್ಕಾರವಾಯಿತು. ಆಟದಲ್ಲಿ ನಡೆದ ಸಂಗತಿಯ ಬಗ್ಗೆ ರೆಫರಿಯ ತೀರ್ಮಾನವೇ ಅಂತಿಮ, ಗೋಲು ಆಯಿತೋ ಇಲ್ಲವೋ ಎಂಬುದೂ ಸೇರಿ. ರೆಫರಿ ತನ್ನ ತೀರ್ಮಾನ ಬದಲಿಸುವುದಿದ್ದರೆ ಆಟ ಮತ್ತೆ ಶುರುವಾಗುವ ಮೊದಲೇ ಬದಲಿಸಬೇಕು.

ಆ ಮಾರ್ಚ್ ಕೊನೆಗೆ ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ಲೆಕ್ಕ ಚುಕ್ತಾ ಮಾಡಿತು. ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ. ಕೋಚಿಗೆ 10 ಪಂದ್ಯಗಳ ನಿಷೇಧ, 5 ಲಕ್ಷ ದಂಡ. ಸಾರ್ವಜನಿಕವಾಗಿ ಕ್ಷಮೆ ಕೇಳದಿದ್ದರೆ ಕ್ಲಬ್ಬಿನ ದಂಡ 6 ಕೋಟಿ, ಕೋಚಿನದು 10 ಲಕ್ಷ. ಇಬ್ಬರೂ ಕ್ಷಮೆ ಕೇಳಿದರು. ಮೇಲ್ಮನವಿಯೂ ನಿಲ್ಲಲಿಲ್ಲ. ಮುಂದಿನ ಸೀಸನ್ ಶುರುವಾದದ್ದು 2023ರ ಸೆಪ್ಟೆಂಬರ್ 21ರಂದು ಕೊಚ್ಚಿಯಲ್ಲಿ, ಎದುರಾಳಿ ಯಾರು ಹೇಳಿ? ಅದೇ ಬೆಂಗಳೂರು. ಬ್ಲಾಸ್ಟರ್ಸ್ 2-1ರಲ್ಲಿ ಗೆದ್ದಿತು, ಬೆಂಚಿನಲ್ಲಿ ಕೋಚ್ ಇಲ್ಲ. ಅವರು ವಾಪಸು ಕೂತದ್ದು ಅಕ್ಟೋಬರ್ 27ಕ್ಕೆ, ಒಡಿಶಾ ವಿರುದ್ಧ. ಆ ರೆಫರಿ ಸರಿಯೇ ತಪ್ಪೇ ಎಂದು ನೀವು ಇನ್ನೂ ಹತ್ತು ವರ್ಷ ವಾದ ಮಾಡಿ, ಗಮ್ಮತ್ತಾಗಿರುತ್ತದೆ. ಮೈದಾನ ಬಿಟ್ಟು ಹೋದದ್ದರಲ್ಲಿ ವಾದವೇ ಇಲ್ಲ. ತಂಡಕ್ಕೆ ಏಳೇ ಮಂದಿ ಆಡುವ ನಮ್ಮ ಸೆವೆನ್ಸ್ ಟೂರ್ನಮೆಂಟುಗಳಲ್ಲೂ "ನಡೀರಿ, ಆಡುವುದು ಬೇಡ" ಎನ್ನುವ ಒಬ್ಬ ಅಣ್ಣ ಪ್ರತಿ ತಂಡದಲ್ಲೂ ಇರುತ್ತಾನೆ. ಅವನನ್ನು ಮೊದಲು ಹಿಡಿದು ಕೂರಿಸಿ. ಕ್ಯಾಪ್ಟನ್ ಒಬ್ಬನೇ ಹೋಗಿ ರೆಫರಿಯನ್ನು ಮರ್ಯಾದೆಯಿಂದ ಕೇಳಲಿ. ದೂರು ಕೊಡಲಿಕ್ಕಿದ್ದರೆ ಪಂದ್ಯ ಮುಗಿಸಿ ಬರೆದು ಕೊಡಿ, ಅದೂ ಅರ್ಹತೆ ಇಲ್ಲದ ಆಟಗಾರನನ್ನು ಇಳಿಸಿದಂಥ ವಿಷಯಕ್ಕೆ. "ಅದು ಫೌಲ್ ಅಲ್ಲ" ಎಂಬ ದೂರಿಗೆ ಕಾಗದ ದಂಡ.

ಛೇತ್ರಿಯ ಗೋಲೇ ನನ್ನ ಅರ್ಧಕ್ಕಿಂತ ಹೆಚ್ಚು ಹೊತ್ತು ತಿಂದಿತು. ಕಾರ್ಡುಗಳ ವಿಷಯ ಬೇಗ ಹೇಳುತ್ತೇನೆ.

ಅಜಾಗ್ರತೆಯಿಂದ ಆದ ಫೌಲಿಗೆ ಬರೀ ಫ್ರೀ ಕಿಕ್. ಎದುರಿನವನಿಗೆ ಏನಾಗುತ್ತದೆಂಬ ಪರಿವೆ ಇಲ್ಲದೆ ನುಗ್ಗಿದರೆ ಹಳದಿ. ಮಿತಿಮೀರಿದ ಬಲ ಹಾಕಿ ಅವನ ಮೈಗೇ ಅಪಾಯ ತಂದರೆ ಕೆಂಪು. ಇಷ್ಟೇ ಅಳತೆ. "ಚೆಂಡಿಗೆ ಮೊದಲು ತಾಗಿತ್ತು" ಎಂಬುದು ಇದರಲ್ಲಿ ಎಲ್ಲಿಯೂ ಇಲ್ಲ. ಚೆಂಡಿಗೆ ತಾಗಿ, ಆಮೇಲೆ ಬೂಟಿನ ಮುಳ್ಳು ಮೊಣಕಾಲಿಗೆ ಹೊಕ್ಕರೂ ಕೆಂಪೇ. ಇದನ್ನು ರಿಪ್ಲೇಯಲ್ಲಿ ನಿಧಾನಗತಿಯಲ್ಲಿ ನೋಡಿ ತೀರ್ಪು ಕೊಡಬೇಡಿ, ನಿಧಾನಗತಿಯಲ್ಲಿ ಎಲ್ಲ ತಾಗುವಿಕೆಯೂ ಕೊಲೆಯ ಹಾಗೆ ಕಾಣುತ್ತದೆ. ವೀಡಿಯೊ ರೆಫರಿ ಇರುವ ಪಂದ್ಯಗಳಲ್ಲೂ ಎಲ್ಲಿ ತಾಗಿತು ಎಂದು ನೋಡಲು ನಿಧಾನಗತಿ, ಎಷ್ಟು ಜೋರಾಗಿ ತಾಗಿತು ಎಂದು ನೋಡಲು ಮಾಮೂಲಿ ವೇಗ.

ಅಷ್ಟು ಸಣ್ಣ ಫೌಲಿಗೆ ಹಳದಿ ಯಾಕೆ? ಮತ್ತೆ ಕೈ ನೋಡಿ. ಕಾರ್ಡ್ ತೋರಿಸುವಾಗ ರೆಫರಿ ಬೆರಳಿನಿಂದ ಮೈದಾನದಲ್ಲಿ ಅಲ್ಲಿ, ಇಲ್ಲಿ, ಆಚೆ ಎಂದು ತೋರಿಸುತ್ತಾನೆ. ನೀನು ಮೂರು ಕಡೆ ಹೀಗೇ ಮಾಡಿದ್ದೀ, ಸಾಕು ಎಂದು. ಕಾರ್ಡ್ ಬಂದದ್ದು ಕೊನೆಯ ಫೌಲಿಗೆ ಮಾತ್ರ ಅಲ್ಲ, ಎಲ್ಲದಕ್ಕೂ ಸೇರಿ.

ಗೋಲಿನತ್ತ ಓಡುವವನನ್ನು ಬೀಳಿಸಿದಾಗ ರೆಫರಿ ನೋಡುವುದು ನಾಲ್ಕು: ಗೋಲು ಎಷ್ಟು ದೂರ, ಓಟ ಗೋಲಿನ ಕಡೆಗೇ ಇತ್ತೇ, ಚೆಂಡು ಅವನ ಹಿಡಿತದಲ್ಲಿ ಉಳಿಯುತ್ತಿತ್ತೇ, ಅಡ್ಡ ಬರಬಲ್ಲ ರಕ್ಷಕರು ಎಷ್ಟು ಮಂದಿ, ಎಲ್ಲಿ. ಎಲ್ಲ ಕೂಡಿ ಬಂದರೆ ಕೆಂಪು. ಆದರೆ ಬಾಕ್ಸಿನ ಒಳಗೆ, ಚೆಂಡಿಗಾಗಿಯೇ ಕಾಲು ಹಾಕಿ ಬೀಳಿಸಿದ್ದರೆ ಪೆನಾಲ್ಟಿಯೂ ಹಳದಿಯೂ ಮಾತ್ರ. ಹಿಡಿದು ಎಳೆದರೆ, ತಳ್ಳಿದರೆ ಈ ರಿಯಾಯಿತಿ ಇಲ್ಲ, ಕೆಂಪೇ.

ಆಫ್‌ಸೈಡ್. ಅಂದರೆ ಪಾಸ್ ಬರುವ ಮೊದಲೇ ಎದುರಾಳಿಗಳನ್ನು ದಾಟಿ ಅವರ ಗೋಲಿನ ಹತ್ತಿರ ನಿಂತಿರುವುದು. ನಮ್ಮ ಸೆವೆನ್ಸ್ ನೋಡಿ ಬೆಳೆದ ಕಣ್ಣಿಗೆ ಇದು ಕಷ್ಟ, ಅಲ್ಲಿ ಆಫ್‌ಸೈಡೇ ಇಲ್ಲವಲ್ಲ. ಹನ್ನೊಂದು ಮಂದಿಯ ಆಟದಲ್ಲಿ ನೋಡಬೇಕಾದ ಗಳಿಗೆ ಪಾಸ್ ಕೊಡುವವನ ಕಾಲು ಚೆಂಡಿಗೆ ತಾಗಿದ ಗಳಿಗೆ. ಚೆಂಡು ಬಂದು ತಲುಪುವಾಗ ಅವನು ಎಲ್ಲಿದ್ದ ಎಂಬುದು ಲೆಕ್ಕಕ್ಕಿಲ್ಲ. ಹಿಂದಿನಿಂದ ಎರಡನೆಯ ಎದುರಾಳಿಗೆ ಸಮನಾಗಿದ್ದರೆ ಆಫ್‌ಸೈಡ್ ಅಲ್ಲ. ಥ್ರೋ ಇನ್, ಕಾರ್ನರ್, ಗೋಲ್ ಕಿಕ್ಕಿನಿಂದ ನೇರ ಬಂದ ಚೆಂಡಿಗೆ ಆಫ್‌ಸೈಡೇ ಇಲ್ಲ. ಇಲ್ಲಿ ಲೈನ್ಸ್‌ಮನ್ನಿನ ಕೈಯನ್ನೂ ನೋಡಿ: ಬಾವುಟ ನೇರ ಎತ್ತಿ, ಆಮೇಲೆ ಓರೆಯಾಗಿ ಮೇಲಕ್ಕೆ ಹಿಡಿದರೆ ತಪ್ಪಿದವನು ಮೈದಾನದ ಆಚೆ ಬದಿಯವನು, ಅಡ್ಡಕ್ಕೆ ಹಿಡಿದರೆ ನಡುವಿನವನು, ಕೆಳಕ್ಕೆ ಹಿಡಿದರೆ ಈಚೆ ಬದಿಯವನು. ಯಾರನ್ನು ಹಿಡಿದರೆಂದು ಟಿವಿಯ ಗೆರೆಗೆ ಕಾಯಬೇಕಿಲ್ಲ.

ಹ್ಯಾಂಡ್‌ಬಾಲಿಗೆ ಒಂದೇ ನಿಮಿಷ ಉಳಿದಿದೆ. ಕಂಕುಳಿನ ತಳದಿಂದ ಕೆಳಗಿನದು ಕೈ, ಭುಜ ಕೈಯಲ್ಲ. ಕೈಗೆ ತಾಗಿದ್ದೆಲ್ಲ ತಪ್ಪಲ್ಲ. ಬೇಕೆಂದೇ ಕೈ ಹಾಕಿದರೆ, ಅಥವಾ ಮೈ ಅಗಲ ಮಾಡಿಕೊಳ್ಳುವ ಹಾಗೆ ಕೈ ಚಾಚಿಟ್ಟಿದ್ದರೆ ತಪ್ಪು. ಗೋಲು ಹೊಡೆದವನ ಕೈಯಿಂದಲೇ ಚೆಂಡು ಒಳಗೆ ಹೋದರೆ, ಅರಿಯದೆ ತಾಗಿದ್ದರೂ ಗೋಲಿಲ್ಲ. ಇನ್ನೊಂದು ಹೊಸದು: 2025ರ ಜುಲೈಯಿಂದ ಗೋಲ್‌ಕೀಪರ್ ಚೆಂಡನ್ನು ಕೈಯಲ್ಲಿ ಎಂಟು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಎದುರಾಳಿಗೆ ಕಾರ್ನರ್. ಕೊನೆಯ ಐದು ಸೆಕೆಂಡನ್ನು ರೆಫರಿ ಕೈ ಎತ್ತಿ, ಬೆರಳು ಮಡಚಿ ಎಣಿಸುತ್ತಾನೆ. ಮುಂದಿನ ಪಂದ್ಯದಲ್ಲಿ ಈ ಕಾರ್ನರ್ ಬಂದಾಗ "ಇದು ಎಲ್ಲಿಂದ ಬಂತು ಮಾರಾಯ್ರೇ" ಎಂದು ಪಕ್ಕದವರು ಖಂಡಿತ ಕೇಳುತ್ತಾರೆ. ಅವರಿಗೆ ನೀವೇ ಹೇಳಿಕೊಡಿ.

ನಮಸ್ಕಾರ.