ಸೇವಂತಿಗೆ ತೋಟದಲ್ಲಿ ರಾತ್ರಿ ಬಲ್ಬು ಉರಿಯುವುದೇಕೆ?

[ದೃಶ್ಯ: ಕತ್ತಲು. ದೂರದಲ್ಲಿ ಸಾಲು ಸಾಲು ಬಲ್ಬುಗಳು.]

ಚಿಕ್ಕಬಳ್ಳಾಪುರದ ಕಡೆಗೆ ರಾತ್ರಿ ಬಸ್ಸಿನಲ್ಲಿ ಹೋದವರು ಇದನ್ನು ನೋಡಿರುತ್ತೀರಿ. ಊರು ಮುಗಿದು ಕತ್ತಲು ಕವಿಯುವಷ್ಟರಲ್ಲಿ ಯಾವುದೋ ಒಂದು ಹೊಲ ಜಾತ್ರೆಯ ಹಾಗೆ ಝಗಮಗಿಸುತ್ತಿರುತ್ತದೆ. ಪೆಂಡಾಲ್ ಇಲ್ಲ, ಜನರಿಲ್ಲ, ಮೈಕಿನ ಸದ್ದಿಲ್ಲ. ತಂತಿಗೆ ನೇತುಹಾಕಿದ ಬಲ್ಬುಗಳ ಕೆಳಗೆ ಗೇಣುದ್ದದ ಸೇವಂತಿಗೆ ಸಸಿಗಳು ಮಾತ್ರ. ‘ಇದು ಕಾವಲಿಗೋ, ಹುಳ ಹಿಡಿಯುವುದಕ್ಕೋ, ಚಳಿ ತಡೆಯುವುದಕ್ಕೋ’ ಎಂದು ಕೇಳಿ ನಿಮ್ಮಲ್ಲಿ ಬಹಳ ಮಂದಿ ಬರೆದಿದ್ದೀರಿ. ಮೂರಕ್ಕೂ ಅಲ್ಲ. ಸಸಿಗಳು ಈಗಲೇ ಹೂ ಬಿಡದಿರಲಿ ಎಂದು ಆ ಬಲ್ಬು ಉರಿಸುತ್ತಾರೆ.

ಹೂವನ್ನೇ ನಂಬಿ ಬದುಕುವ ಬೆಳೆಗಾರರು ಕರೆಂಟು ಖರ್ಚು ಮಾಡಿ ಹೂವನ್ನು ತಡೆಯುತ್ತಾರೆ! ಇದು ಗೊತ್ತಾದ ದಿನದಿಂದ ನನಗೆ ಬೇರೆ ವಿಷಯದ ಮೇಲೆ ಮನಸ್ಸೇ ಹೋಗಿಲ್ಲ.

ಎಲೆ ಬಿಸಿಲಿನಿಂದ ಆಹಾರ ತಯಾರಿಸುತ್ತದೆ ಎಂಬುದನ್ನು ಶಾಲೆಯಲ್ಲಿ ಓದಿದ್ದೇವೆ, ಅದನ್ನು ದಾಟಿ ಮುಂದೆ ಹೋಗೋಣ. ಈ ಬಲ್ಬುಗಳ ಬೆಳಕು ಸಸಿಯ ಊಟಕ್ಕೆ ಸಾಲುವುದಿಲ್ಲ. ಮಧ್ಯಾಹ್ನದ ಬಿಸಿಲಿನ ಮುಂದೆ ಅದು ನೂರರಲ್ಲಿ ಒಂದು ಪಾಲೂ ಆಗುವುದಿಲ್ಲ. ಸಸಿ ಆ ಬೆಳಕನ್ನು ಬಳಸಿಕೊಳ್ಳುವುದು ಕಾಲ ಯಾವುದೆಂದು ತಿಳಿಯುವುದಕ್ಕೆ.

ಸೇವಂತಿಗೆ ಮೊಗ್ಗು ಕಟ್ಟುವುದು ರಾತ್ರಿ ದೀರ್ಘವಾದಾಗ. ಹಗಲು ಸುಮಾರು ಹದಿಮೂರೂವರೆ ಗಂಟೆಗಿಂತ ಕಿರಿದಾದರೆ ‘ಹೂವಿನ ಕಾಲ ಬಂತು’ ಎಂದು ಅದು ತೀರ್ಮಾನಿಸುತ್ತದೆ. ಈಗ ನಮ್ಮ ಕಡೆಯ ಲೆಕ್ಕ ನೋಡಿ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲು ಜೂನ್ ತಿಂಗಳಲ್ಲಿ ಬರುತ್ತದೆ. ಅದೂ ಸುಮಾರು 12 ಗಂಟೆ 50 ನಿಮಿಷ, ಅಷ್ಟೇ. ಅಂದರೆ ಸೇವಂತಿಗೆಯ ಪಾಲಿಗೆ ಇಲ್ಲಿ ವರ್ಷವಿಡೀ ಹೂವಿನ ಕಾಲ. ಬೇರು ಬಿಟ್ಟ ಸಸಿಯನ್ನು ನೆಟ್ಟು ಸುಮ್ಮನಿದ್ದರೆ, ಮೈ ತುಂಬಿಕೊಳ್ಳುವ ಮೊದಲೇ ಅದು ಮೊಗ್ಗು ಹಿಡಿಯುತ್ತದೆ. ಕಾಂಡ ಗಿಡ್ಡ, ಕವಲು ಕಡಿಮೆ, ಹೂವೂ ಕಡಿಮೆ. ಅದಕ್ಕಾಗಿ ಮೊದಲ ಕೆಲವು ವಾರ ರಾತ್ರಿ ದೀಪ ಹಾಕಿ ಗಿಡವನ್ನು ಬೆಳೆಯಲು ಬಿಡುತ್ತಾರೆ. ಬೇಕಾದಷ್ಟು ಎತ್ತರ ಬಂದ ಮೇಲೆ ಸ್ವಿಚ್ ಆರಿಸುತ್ತಾರೆ. ಆಮೇಲೆ ಮೊಗ್ಗು.

ಸಂಜೆಯಿಂದ ಬೆಳಗಿನವರೆಗೂ ಉರಿಸಲೇಬೇಕೆಂದಿಲ್ಲ, ನಡುರಾತ್ರಿ ಕೆಲವು ಗಂಟೆ ಉರಿಸಿದರೂ ಆಗುತ್ತದೆ. ಏಕೆಂದರೆ ಗಿಡ ಅಳೆಯುವುದು ಹಗಲನ್ನಲ್ಲ, ಎಡೆಬಿಡದ ಕತ್ತಲನ್ನು. 1938ರಲ್ಲಿ ಅಮೆರಿಕದ ಹ್ಯಾಮ್ನರ್ ಮತ್ತು ಬಾನರ್ ಇದನ್ನು ತೋರಿಸಿದ್ದು ಮರುಳುಮತ್ತಿ ಗಿಡದಲ್ಲಿ. ಹೊಲದ ಬದುವಿನಲ್ಲಿ ನಡೆದರೆ ಪಂಚೆಗೆ, ಸೀರೆಗೆ ಕಚ್ಚಿಕೊಳ್ಳುತ್ತದಲ್ಲ, ಅದೇ ಮುಳ್ಳುಕಾಯಿಯ ಗಿಡ. ದೀರ್ಘ ರಾತ್ರಿಯ ನಡುವೆ ಸ್ವಲ್ಪ ಹೊತ್ತು ಬೆಳಕು ಬಿದ್ದರೆ ಸಾಕು, ಗಿಡದ ಲೆಕ್ಕದಲ್ಲಿ ಅದು ಎರಡು ಚಿಕ್ಕ ರಾತ್ರಿಗಳಾಗಿಬಿಡುತ್ತದೆ.

ಹಾಗಾದರೆ ಗಿಡಕ್ಕೆ ಕಣ್ಣು ಎಲ್ಲಿದೆ? ಇದಕ್ಕೆ ಉತ್ತರ ಸಿಕ್ಕಿದ್ದು ಬೀಜದಲ್ಲಿ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

[ದೃಶ್ಯ: ಒದ್ದೆ ಕಾಗದದ ಮೇಲೆ ಲೆಟ್ಯೂಸ್ ಬೀಜಗಳು, ಬಹಳ ಹತ್ತಿರದಿಂದ.]

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬೆಲ್ಟ್ಸ್‌ವಿಲ್‌ನಲ್ಲಿ ಅಲ್ಲಿನ ಕೃಷಿ ಇಲಾಖೆಯ ಸಂಶೋಧನಾ ಕೇಂದ್ರವಿದೆ. ಹ್ಯಾರಿ ಬಾರ್ತ್‌ವಿಕ್, ಸ್ಟರ್ಲಿಂಗ್ ಹೆಂಡ್ರಿಕ್ಸ್ ಮತ್ತು ಅವರ ಸಂಗಡಿಗರು 1952ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಸಾಮಗ್ರಿ ಏನೆಂದರೆ ಲೆಟ್ಯೂಸ್ ಸೊಪ್ಪಿನ ಬೀಜ. ನೆನೆಸಿ ಕತ್ತಲಲ್ಲಿ ಇಟ್ಟಾಗ ಮೊಳೆತದ್ದು ಬೆರಳೆಣಿಕೆಯಷ್ಟು. ಸ್ವಲ್ಪ ಹೊತ್ತು ಕೆಂಪು ಬೆಳಕು ತೋರಿಸಿ ಮತ್ತೆ ಕತ್ತಲಲ್ಲಿಟ್ಟರು, ಹೆಚ್ಚುಕಡಿಮೆ ಎಲ್ಲವೂ ಮೊಳೆತವು. ಕೆಂಪು ತೋರಿಸಿದ ಬೆನ್ನಿಗೇ ಕಡುಗೆಂಪು ಬೆಳಕು, ಅಂದರೆ ನಮ್ಮ ಕಣ್ಣಿಗೆ ಕಂಡೂ ಕಾಣದಂತಿರುವ ಅಂಚಿನ ಕೆಂಪನ್ನು ತೋರಿಸಿದರು. ಮೊಳೆಯುವ ಬೀಜಗಳ ಸಂಖ್ಯೆ ಕುಸಿಯಿತು. ಮತ್ತೆ ಕೆಂಪು, ಮೊಳಕೆ. ಮತ್ತೆ ಕಡುಗೆಂಪು, ಕುಸಿತ. ಹೀಗೆ ಎಷ್ಟು ಬಾರಿ ಅದಲು ಬದಲು ಮಾಡಿದರೂ ಕೊನೆಗೆ ಬಿದ್ದ ಬೆಳಕಿನ ಮಾತೇ ನಡೆಯಿತು.

ಜೀವಂತ ಬೀಜದೊಳಗೆ ಒಂದು ಸ್ವಿಚ್! ಗೋಡೆಯ ಸ್ವಿಚ್ಚಿನಂತೆ ಮೇಲೆ, ಕೆಳಗೆ, ಮೇಲೆ, ಕೆಳಗೆ.

ಬೀಜಕ್ಕೆ ಇದರಿಂದ ಏನು ಪ್ರಯೋಜನ? ನೆತ್ತಿಯ ಮೇಲೆ ಎಲೆಗಳಿದ್ದರೆ ಅವು ಕೆಂಪು ಬೆಳಕನ್ನು ಹೀರಿಕೊಂಡು ಕಡುಗೆಂಪನ್ನು ಕೆಳಕ್ಕೆ ಬಿಡುತ್ತವೆ. ಆದ್ದರಿಂದ ಕಡುಗೆಂಪು ಹೆಚ್ಚಾಗಿ ಬಿದ್ದರೆ ‘ಮೇಲೆ ಆಗಲೇ ಯಾರೋ ಬೆಳೆದು ನಿಂತಿದ್ದಾರೆ’ ಎಂದರ್ಥ. ಕಿಸೆಯಲ್ಲಿ ಒಂದೇ ಟಿಕೆಟ್ಟಿನ ದುಡ್ಡು ಇಟ್ಟುಕೊಂಡು ನಿಲ್ದಾಣದಲ್ಲಿ ನಿಂತ ಪ್ರಯಾಣಿಕನನ್ನು ನೆನೆಯಿರಿ. ಬಂದ ಬಸ್ಸು ಕಿಕ್ಕಿರಿದಿದೆ. ಹತ್ತಿದರೆ ನಡುದಾರಿಯಲ್ಲಿ ಇಳಿಸಿಬಿಟ್ಟಾರು, ಮತ್ತೊಂದು ಟಿಕೆಟ್ಟಿಗೆ ದುಡ್ಡಿಲ್ಲ. ಅವನು ಮುಂದಿನ ಬಸ್ಸಿಗೆ ಕಾಯುತ್ತಾನೆ. ಸಾಸಿವೆಗಿಂತ ಹಗುರಾದ ಲೆಟ್ಯೂಸ್ ಬೀಜದ ಬುತ್ತಿಯೂ ಅಷ್ಟೇ. ನೆರಳಿನಲ್ಲಿ ಮೊಳೆತು ಬಿಸಿಲು ಮುಟ್ಟುವ ಮೊದಲೇ ಬುತ್ತಿ ತೀರಿದರೆ ಕಥೆ ಮುಗಿಯಿತು. ಇಷ್ಟು ಎಚ್ಚರದ ಲೆಕ್ಕಾಚಾರ ಒಂದು ಧೂಳಿನ ಕಣದಂಥ ಬೀಜದೊಳಗಿದೆ ಎಂಬುದನ್ನು ಹೇಳುವಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಆ ಸ್ವಿಚ್ಚನ್ನು ಕಣ್ಣಾರೆ ಕಾಣುವ ಮೊದಲೇ ಅದು ಇದ್ದೇ ಇರಬೇಕೆಂದು ಅವರು ಊಹಿಸಿದ್ದರು. ಕತ್ತಲಲ್ಲಿ ಬೆಳೆಸಿದ ಮೆಕ್ಕೆಜೋಳದ ಸಸಿಗಳಲ್ಲಿ 1959ರಲ್ಲಿ ಅದು ಕೈಗೆ ಸಿಕ್ಕಿತು. ಅದರ ಹೆಸರು ಫೈಟೋಕ್ರೋಮ್. ಅದರ ಒಂದು ರೂಪ 660 ನ್ಯಾನೋಮೀಟರ್ ಸುತ್ತಲಿನ ಕೆಂಪನ್ನು ಹೀರುತ್ತದೆ, ಇನ್ನೊಂದು 730ರ ಸುತ್ತಲಿನ ಕಡುಗೆಂಪನ್ನು. ಸೇವಂತಿಗೆ ಎಲೆಯಲ್ಲಿ ನಡುರಾತ್ರಿ ಬಲ್ಬಿನ ಬೆಳಕನ್ನು ಗುರುತಿಸುವುದೂ ಇದೇ.

ನಮ್ಮಲ್ಲಿ ಬೆಳಕು ಬೇಡುವ ಬೀಜ ಯಾವುದಿದೆ? ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕಿನ ಸಸಿಮಡಿಗಳನ್ನು ನೋಡಿ. ಒಂದು ಗ್ರಾಂ ತೂಗಿದರೆ 10,000ಕ್ಕೂ ಹೆಚ್ಚು ಬೀಜ. ಅದನ್ನು ಯಾರೂ ಮಣ್ಣಿನೊಳಗೆ ಹೂಳುವುದಿಲ್ಲ, ಮಡಿಯ ಮೇಲ್ಮೈಯಲ್ಲೇ ಬಿತ್ತುತ್ತಾರೆ. ರಾಗಿ, ಭತ್ತ, ಅವರೆಗೆ ಈ ಹಂಗಿಲ್ಲ. ಸಾವಿರಾರು ವರ್ಷಗಳಿಂದ ನಮ್ಮ ಕೈಯಲ್ಲಿ ಪಳಗಿದ ಬೆಳೆಗಳು ಮಣ್ಣು ಹದವಾಗಿದ್ದರೆ ಕತ್ತಲಲ್ಲೂ ಮೊಳೆಯುತ್ತವೆ.

ಮೊಳೆತ ಮೇಲಿನ ಕಥೆ ಬೇರೆ.

[ದೃಶ್ಯ: ನವರಾತ್ರಿಯ ಘಟ. ಕಲಶದ ಸುತ್ತ ಹಳದಿ ಸಸಿಗಳು, ಪಕ್ಕದಲ್ಲಿ ನಂದಾದೀಪ.]

ಉತ್ತರ ಕರ್ನಾಟಕದ ಮನೆಗಳಲ್ಲಿ ನವರಾತ್ರಿಗೆ ಘಟ ಹಾಕುತ್ತಾರೆ. ಹೊಲದ ಮಣ್ಣು, ಅದರಲ್ಲಿ ಗೋಧಿ, ಜೋಳ, ನಡುವೆ ಕಲಶ, ಒಂಬತ್ತು ದಿನ ಆರದ ದೀಪ. ವಿಜಯದಶಮಿಯಂದು ಆ ಸಸಿಯನ್ನು ಟೋಪಿಗೆ, ರುಮಾಲಿಗೆ, ಮುಡಿಗೆ ಸಿಕ್ಕಿಸಿಕೊಳ್ಳುತ್ತಾರೆ. ಅದರ ಬಣ್ಣ ನೋಡಿ, ಎಳೆ ಅರಿಶಿನ. ಹೊಲದಲ್ಲಿ ಬೆಳೆದ ಅದೇ ವಯಸ್ಸಿನ ಸಸಿಗಿಂತ ಉದ್ದ, ಬೆರಳಿನಲ್ಲಿ ಹಿಡಿದರೆ ನೀರಿನಷ್ಟು ಮೆತ್ತಗೆ. ದೇವರ ಕೋಣೆಯ ಮಬ್ಬಿನಲ್ಲಿ ಸಸಿಗೆ ತಾನಿನ್ನೂ ಮಣ್ಣಿನೊಳಗೇ ಇದ್ದೇನೆ ಎಂಬ ಭಾವನೆ. ಹಸಿರು ತಯಾರಿಸುವ ಕೆಲಸವನ್ನು ಬದಿಗಿಟ್ಟು, ಇದ್ದ ಬುತ್ತಿಯನ್ನೆಲ್ಲ ಉದ್ದ ಬೆಳೆಯುವುದಕ್ಕೇ ಸುರಿಯುತ್ತದೆ. ಬೆಳಕು ಒಂದೇ ಕಡೆಯಿಂದ ಬಂದರೆ ಆ ಕಡೆಗೇ ಬಾಗುತ್ತದೆ. ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ ಹುಲ್ಲಿನ ಮೊಳಕೆಗಳ ಮುಂದೆ ಸಣ್ಣ ದೀಪ ಇಟ್ಟು ನೋಡಿದ್ದರು. ಮೊಳಕೆಯ ತುದಿಗೆ ಟೋಪಿ ಹಾಕಿ ಬೆಳಕು ಮರೆಮಾಡಿದರೆ ಅದು ಬಾಗುವುದಿಲ್ಲ ಎಂದು 1880ರಲ್ಲಿ ಬರೆದರು. ನೋಡುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ.

ಸಮಯ ಕಡಿಮೆಯಿದೆ, ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ಮನೆಯಲ್ಲಿ ಟೊಮೆಟೊ, ಮೆಣಸಿನಕಾಯಿ ಸಸಿ ಮಾಡುವವರು ಸಸಿ ಬಡಕಲಾಗಿ ಉದ್ದಕ್ಕೆ ಎದ್ದರೆ ಗೊಬ್ಬರ ಸುರಿಯಬೇಡಿ, ಬೆಳಕು ಹೆಚ್ಚಿಸಿ. ಸಾಮಾನ್ಯ ಬಿಳಿ ಎಲ್‌ಇಡಿ ಟ್ಯೂಬನ್ನು ಸಸಿಗಳಿಂದ ಒಂದು ಗೇಣು ಮೇಲೆ ಕಟ್ಟಿದರೂ ಸಾಕಷ್ಟು ವ್ಯತ್ಯಾಸ ಕಾಣುತ್ತದೆ. ಅದರಲ್ಲಿರುವ ನೀಲಿ ಅಂಶ ಕಾಂಡ ಉದ್ದವಾಗುವುದನ್ನು ತಡೆಯುತ್ತದೆ. ಹಳೆಯ ತಂತಿಯ ಬಲ್ಬಿನಲ್ಲಿ ಕಡುಗೆಂಪು ಹೆಚ್ಚು, ಅದರ ಕೆಳಗೆ ಸಸಿ ಇನ್ನಷ್ಟು ಉದ್ದವಾಗುತ್ತದೆ. ಇನ್ನು ಜರ್ಮನಿಯಲ್ಲಿ ಕಾರ್ಲ್ ಹಾರ್ಟ್‌ಮನ್ ಎಂಬ ವಿಜ್ಞಾನಿ ರಾತ್ರಿಯ ಕತ್ತಲಲ್ಲಿ ಉಳುಮೆ ಮಾಡಿಸಿ ನೋಡಿದರು, ಕಳೆ ಕಡಿಮೆಯಾಯಿತು. ಹಗಲಲ್ಲಿ ಉಳುವಾಗ ಮಣ್ಣು ಮಗುಚಿದ ಕ್ಷಣದಲ್ಲಿ ಕಳೆಬೀಜಗಳಿಗೆ ಬೆಳಕು ಬಿದ್ದು ಸ್ವಿಚ್ ಒತ್ತಿದಂತಾಗುತ್ತದೆ. ಎಲ್ಲ ಜಾತಿಯ ಕಳೆಗೂ ಇದು ನಡೆಯುವುದಿಲ್ಲ.

ಕೊನೆಯದು ಬೀದಿದೀಪ. ಹಗಲು ಕಿರಿದಾದಾಗ ತೆನೆ ಬಿಡುವ ಭತ್ತದ ತಳಿಗಳು, ಸೋಯಾ ಅವರೆ, ಇವೆಲ್ಲ ಸೇವಂತಿಗೆಯ ಹಾಗೆಯೇ ಕತ್ತಲನ್ನು ಅಳೆಯುತ್ತವೆ. ಕಂಬದ ಕೆಳಗಿನ ಗಿಡ ತೆನೆ ಬಿಡಲು ತಡಮಾಡುತ್ತದೆ, ಸುತ್ತಲಿನ ಗದ್ದೆ ಹೊಂಬಣ್ಣಕ್ಕೆ ತಿರುಗಿದಾಗಲೂ ಅದು ಹಸಿರಾಗಿ ನಿಂತಿರುತ್ತದೆ. ಸೇವಂತಿಗೆ ಬೆಳೆಗಾರರು ಬೇಕೆಂದು ಮಾಡಿಸಿಕೊಳ್ಳುವುದನ್ನು ಇಲ್ಲಿ ಭತ್ತದ ರೈತ ಕೇಳದೆಯೇ ಅನುಭವಿಸುತ್ತಾನೆ. ಇದು ಅನ್ಯಾಯ ಎಂದೇ ನನ್ನ ಅನಿಸಿಕೆ. ದೀಪ ಆರಿಸಬೇಕೆಂದಿಲ್ಲ, ಬೆಳಕು ರಸ್ತೆಗೆ ಮಾತ್ರ ಬೀಳುವಂತೆ ಹೊಲದ ಕಡೆಗೆ ಒಂದು ತಗಡಿನ ಮರೆ ಕಟ್ಟಿದರೆ ಸಾಕು. ಪಂಚಾಯಿತಿಗೆ ಅರ್ಜಿ ಕೊಡುವಾಗ ಹಸಿರು ಉಳಿದ ಆ ತುಂಡಿನ ಫೋಟೊ ಜೊತೆಗಿಡಿ. ಒಂದು ಪ್ರತಿಯನ್ನು ನಮಗೂ ಕಳುಹಿಸಿ, ಕೊಯ್ಲಿನ ಹೊತ್ತಿಗೆ ಮಾಡುವ ಮುಂದಿನ ವಿಡಿಯೋದಲ್ಲಿ ತೋರಿಸುತ್ತೇವೆ.